ಫೋರ್ ಫ್ಲೂಟ್ ಒಂದು ತಗೊಂಡು ಬಾ

ಪೀಣ್ಯದಲ್ಲಿ ನನ್ನ ಗೆಳೆಯನದೊಂದು ಸಣ್ಣ ವರ್ಕ್‌ಶಾಪ್ ಇದೆ. ಒಂದು ಶನಿವಾರ ಸಂಜೆ ಅವನು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಅಲ್ಲಿನ ಹುಡುಗನಿಂದ ಫೋನ್ ಬಂತು. "ಟೂ ಫ್ಲೂಟ್ ಬೇಡ ಕಣೋ, ಅದು ಸ್ಟೀಲ್ ಜಾಬು. ಹತ್ತು ಎಂಎಂದು ಫೋರ್ ಫ್ಲೂಟ್ ಒಂದು ತಗೊಂಡು ಬಾ" ಅಂದ. ಪಕ್ಕದಲ್ಲಿ ನನ್ನ ಅಕ್ಕನ ಮಗಳಿದ್ದಳು. ಕೊಳಲು ಕಲಿಯಲು ಶುರು ಮಾಡಿ ಒಂದು ವರ್ಷ ಆಗಿದೆ. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಮಾಮ, ಆ ಅಂಕಲ್ ನಾಲ್ಕು ಕೊಳಲು ಒಟ್ಟಿಗೆ ಊದ್ತಾರಾ?"

ನಗು ಬಂತು. ಆಮೇಲೆ ಯೋಚಿಸಿದರೆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ ಅನ್ನಿಸಿತು. ಕಬ್ಬಿಣ ಕೊರೆಯುವ ಉಪಕರಣಕ್ಕೂ ಕೃಷ್ಣನ ಕೈಲಿರುವ ಬಿದಿರಿಗೂ ಒಂದೇ ಹೆಸರು ಯಾಕೆ? ಅಷ್ಟೇ ಅಲ್ಲ, ರಟ್ಟಿನ ಡಬ್ಬದ ಒಳಗಿನ ಅಲೆಗೆ, ಗ್ರೀಕ್ ದೇವಾಲಯದ ಕಂಬಕ್ಕೆ, ಷಾಂಪೇನ್ ಗ್ಲಾಸಿಗೆ, ಒಂದು ಕಾಲದ ಸರಕು ಹಡಗಿಗೆ, ಎಲ್ಲಕ್ಕೂ ಫ್ಲೂಟ್ ಅಂತಾರೆ. ಈ ಗಂಟು ಬಿಡಿಸಬೇಕಾದರೆ ಊದುವ ಫ್ಲೂಟಿನಿಂದಲೇ ಹೊರಡಬೇಕು.

ಊದುವ ಫ್ಲೂಟಿನಲ್ಲೇ ಗೊಂದಲ ಜಾಸ್ತಿ. ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚ್‌ನಿಂದ. ಅದಕ್ಕೂ ಹಿಂದೆ ಎಲ್ಲಿಂದ ಬಂತು ಅನ್ನುವುದಕ್ಕೆ ಗಟ್ಟಿ ಉತ್ತರವಿಲ್ಲ. ಊದಿದಾಗ ಬರುವ ಸದ್ದನ್ನೇ ಅನುಕರಿಸಿ ಹುಟ್ಟಿದ ಪದ ಇರಬಹುದು ಎನ್ನುತ್ತಾರೆ. ಇವತ್ತು ಫ್ಲೂಟ್ ಅಂದರೆ ಅಡ್ಡ ಹಿಡಿದು ಊದುವುದು ಅಂತ ನಮ್ಮ ಲೆಕ್ಕ. ಆದರೆ 18ನೇ ಶತಮಾನದ ಆರಂಭದವರೆಗೂ ಇಂಗ್ಲೆಂಡಿನಲ್ಲಿ ಬರೀ "ಫ್ಲೂಟ್" ಅಂದರೆ ನೆಟ್ಟಗೆ ಹಿಡಿದು ತುದಿಯಿಂದ ಊದುವ ರೆಕಾರ್ಡರ್ ಎಂಬ ವಾದ್ಯ. ಅಡ್ಡ ಹಿಡಿಯುವುದಕ್ಕೆ "ಜರ್ಮನ್ ಫ್ಲೂಟ್" ಎಂಬ ಬೇರೆ ಹೆಸರಿತ್ತು. ಜರ್ಮನಿಯ ಸಂಗೀತ ರಚನಕಾರ ಬಾಖ್ ತನ್ನ ಸ್ವರಲಿಪಿಯಲ್ಲಿ "ಫ್ಲೌಟೊ" ಎಂದಷ್ಟೇ ಬರೆದಿದ್ದರೆ ಅದು ರೆಕಾರ್ಡರ್. ಅಡ್ಡ ಕೊಳಲು ಬೇಕಿದ್ದಾಗ "ಟ್ರಾವೆರ್ಸೊ" ಎಂದು ಸೇರಿಸುತ್ತಿದ್ದ. ಇದು ಗೊತ್ತಿಲ್ಲದೆ ಓದಿದರೆ ವಾದ್ಯವೇ ಬದಲಾಗಿಬಿಡುತ್ತದೆ.

ಹಾಗಾದರೆ ಫ್ಲೂಟ್ ಯಾವುದು, ಯಾವುದಲ್ಲ? ವಾದ್ಯಗಳನ್ನು ವಿಂಗಡಿಸುವವರು ನೋಡುವುದು ಹಿಡಿಯುವ ರೀತಿಯನ್ನಲ್ಲ, ಸದ್ದು ಹುಟ್ಟುವ ಜಾಗವನ್ನು. ಬಾಯಿಂದ ಬಂದ ಗಾಳಿಯ ಎಳೆ ಒಂದು ಚೂಪಾದ ಅಂಚಿಗೆ ಬಡಿಯುತ್ತದೆ. ಬಡಿದದ್ದು ಒಂದು ಕ್ಷಣ ಅಂಚಿನ ಒಳಕ್ಕೆ, ಇನ್ನೊಂದು ಕ್ಷಣ ಹೊರಕ್ಕೆ ಹೊಯ್ದಾಡುತ್ತದೆ. ಆ ಹೊಯ್ದಾಟ ಕೊಳವೆಯೊಳಗಿನ ಗಾಳಿಯನ್ನು ಅಲುಗಾಡಿಸುತ್ತದೆ. ನಾಗಸ್ವರದ ತುದಿಯಲ್ಲಿರುವಂಥ ನಡುಗುವ ಪೀಪಿ ಇಲ್ಲ, ತುಟಿಯ ನಡುಕ ಇಲ್ಲ. ಗಾಳಿ ಮತ್ತು ಒಂದು ಅಂಚು, ಅಷ್ಟೇ. ಈ ಲೆಕ್ಕದಲ್ಲಿ ಖಾಲಿ ಬಾಟಲಿಯ ಬಾಯಿಗೆ ಊದಿದರೂ ಅದು ಫ್ಲೂಟೇ. ಫುಟ್‌ಬಾಲ್ ರೆಫರಿಯ ಸೀಟಿಯೂ ಫ್ಲೂಟೇ. ಡಚ್ ಭಾಷೆಯಲ್ಲಂತೂ ಸೀಟಿಗೂ ಕೊಳಲಿಗೂ ಒಂದೇ ಪದ, ಫ್ಲೌಟ್.

ಹಾವಾಡಿಗನ ಪುಂಗಿ ಮಾತ್ರ ಫ್ಲೂಟ್ ಅಲ್ಲ. ಇಂಗ್ಲಿಷ್ ಬರಹಗಳಲ್ಲಿ ಅದನ್ನು ಹಾವಾಡಿಗನ ಫ್ಲೂಟ್ ಎಂದೇ ಕರೆದುಬಿಡುತ್ತಾರೆ. ಆದರೆ ಅದರ ಬುರುಡೆಯೊಳಗೆ ನಡುಗುವ ಪೀಪಿಗಳಿವೆ. ನಾಗಸ್ವರದ ಕಡೆಯ ನೆಂಟ ಅದು, ಕೊಳಲಿನ ಕಡೆಯದಲ್ಲ. ಪುರಾತನ ಗ್ರೀಕರ ಅವ್ಲೋಸ್‌ಗೂ ಇದೇ ಗತಿ. ಎರಡೆರಡು ಕೊಳವೆ ಬಾಯಲ್ಲಿಟ್ಟು ಊದುತ್ತಿದ್ದ ಪೀಪಿಯ ವಾದ್ಯ ಅದು. ತಲೆಮಾರುಗಟ್ಟಲೆ ಅನುವಾದಕರು ಫ್ಲೂಟ್ ಎಂದು ಬರೆದರು, ಓದುಗರು ಮಧುರವಾದ ಕೊಳಲನ್ನು ಕಲ್ಪಿಸಿಕೊಂಡರು. ಮದುವೆ ಮನೆಯ ಓಲಗವನ್ನು ಕೊಳಲು ಎಂದು ಅನುವಾದ ಮಾಡಿದರೆ ಹೇಗಿರುತ್ತದೋ ಹಾಗೆ.

ಇನ್ನೊಂದು ಮಜಾ ಇದೆ. ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಫ್ಲೂಟನ್ನು ಮರದ ವಾದ್ಯಗಳ ಸಾಲಿನಲ್ಲಿ ಕೂರಿಸುತ್ತಾರೆ, ನೋಡಿದರೆ ಫಳಫಳ ಬೆಳ್ಳಿ. ಮ್ಯೂನಿಕ್‌ನ ಥಿಯೋಬಾಲ್ಡ್ ಬೋಮ್ 1847ರಲ್ಲಿ ಲೋಹದ ನೇರ ಕೊಳವೆಯ ಫ್ಲೂಟ್ ಮಾಡಿದ. ಅವನು ಮೂಲತಃ ಅಕ್ಕಸಾಲಿಗ. ಮರ ಹೋಯಿತು, ಸಾಲು ಉಳಿಯಿತು.

ಈಗ ಗೆಳೆಯನ ಫೋರ್ ಫ್ಲೂಟಿಗೆ ಬರೋಣ. ಒಂದು ಕೊಳಲನ್ನು ಉದ್ದಕ್ಕೆ ಸೀಳಿ ಎರಡು ಮಾಡಿ. ಕಬ್ಬಿನ ಜಲ್ಲೆ ಸೀಳಿದ ಹಾಗೆ. ಕೈಯಲ್ಲಿ ಉಳಿಯುವುದು ಉದ್ದನೆಯ, ಅರ್ಧ ಗುಂಡಗಿನ ಒಂದು ಕಾಲುವೆ. ಇಂಗ್ಲಿಷ್ ಕುಶಲಕರ್ಮಿಗಳು ಇಂಥ ಆಕಾರದ ಯಾವುದೇ ಉದ್ದ ತೋಡನ್ನು ಫ್ಲೂಟ್ ಎಂದು ಕರೆಯತೊಡಗಿದರು. ಸದ್ದಿನ ಹೆಸರು ಆಕಾರದ ಹೆಸರಾಯಿತು. ಮುಂದಿನ ಅರ್ಥಗಳಲ್ಲಿ ಹೆಚ್ಚಿನವು ಈ ಸೀಳಿದ ಕೊಳಲಿನಿಂದ ಬಂದವು.

ಒಂದು ಡ್ರಿಲ್ ಬಿಟ್ ಕೈಗೆ ತಗೊಂಡು ಬೆಳಕಿಗೆ ಹಿಡಿಯಿರಿ. ಬಳ್ಳಿ ಸುತ್ತಿಕೊಂಡ ಹಾಗೆ ಎರಡು ತೋಡುಗಳು ತುದಿಯಿಂದ ಮೇಲಕ್ಕೆ ತಿರುಚಿಕೊಂಡು ಹೋಗಿವೆ. ಅವೇ ಫ್ಲೂಟ್. ಈ ತಿರುಚಿದ ಬಿಟ್ಟಿಗೆ ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದ. ಕೊರೆಯುವ ಕೆಲಸ ತುದಿಯದು. ಆದರೆ ಕೊರೆದ ಚೂರು ಎಲ್ಲಿ ಹೋಗಬೇಕು? ತೂತಿನ ಒಳಗೇ ಕೂತರೆ ಬಿಟ್ ಸಿಕ್ಕಿಹಾಕಿಕೊಂಡು ಮುರಿಯುತ್ತದೆ. ಫ್ಲೂಟ್ ಅದನ್ನು ಹೊರಗೆ ಸಾಗಿಸುವ ದಾರಿ. ಬಿಸಿ ಆರಿಸುವ ದ್ರವ, ಅಂದರೆ ಕೂಲೆಂಟ್, ಒಳಗಿಳಿಯುವುದೂ ಅದೇ ದಾರಿಯಲ್ಲಿ. ಆಳದ ತೂತು ಹಾಕುವಾಗ ಆಪರೇಟರ್ ಬಿಟ್ಟನ್ನು ಆಗಾಗ ಮೇಲೆತ್ತಿ ಮತ್ತೆ ಇಳಿಸುತ್ತಾನಲ್ಲ, ಅದು ಫ್ಲೂಟ್ ಕಟ್ಟಿಕೊಳ್ಳದಿರಲಿ ಅಂತ.

ಎರಡು ಫ್ಲೂಟೋ ನಾಲ್ಕು ಫ್ಲೂಟೋ ಎಂಬ ಜಗಳವೂ ಇಲ್ಲೇ ಇರುವುದು. ಮಿಲ್ಲಿಂಗ್, ಅಂದರೆ ತಿರುಗುತ್ತಾ ಲೋಹವನ್ನು ಕೆತ್ತುವ ಕೆಲಸ ಮಾಡುವ ಎಂಡ್ ಮಿಲ್ ಎಂಬ ಉಪಕರಣದಲ್ಲಿ ಫ್ಲೂಟ್ ಎಷ್ಟೋ ಕತ್ತರಿಸುವ ಅಲಗೂ ಅಷ್ಟು. ಅಲ್ಯೂಮಿನಿಯಂ ಮೆತ್ತಗೆ, ಅಂಟುವ ಜಾತಿ, ಚೂರು ದಪ್ಪ ದಪ್ಪ ಬರುತ್ತದೆ. ಅದಕ್ಕೆ ಜಾಗ ಬೇಕು, ಆದ್ದರಿಂದ ಎರಡೋ ಮೂರೋ ಅಗಲದ ಫ್ಲೂಟ್ ಸಾಕು. ಸ್ಟೀಲ್‌ನ ಚೂರು ಸಣ್ಣದು, ಆದರೆ ಗಟ್ಟಿ. ನಾಲ್ಕು ಸಣ್ಣ ಫ್ಲೂಟ್ ಇದ್ದರೆ ನಡುವಿನ ದಿಂಡು ದಪ್ಪವಾಗಿ ಉಳಿಯುತ್ತದೆ, ಉಪಕರಣ ಬಾಗುವುದಿಲ್ಲ. ಗೆಳೆಯ ಹುಡುಗನಿಗೆ ಫೋನಿನಲ್ಲಿ ಬೈದದ್ದು ಇದಕ್ಕೇ.

ರಟ್ಟಿನ ಡಬ್ಬದ ಫ್ಲೂಟ್ ನನಗೆ ಇವೆಲ್ಲಕ್ಕಿಂತ ಇಷ್ಟ. ಮನೆಗೆ ಪಾರ್ಸಲ್ ಬಂದ ಡಬ್ಬ ಇದ್ದರೆ ಒಂದು ಮೂಲೆ ಕತ್ತರಿಸಿ ಅಂಚನ್ನು ನೋಡಿ. ಎರಡು ಚಪ್ಪಟೆ ಕಾಗದ, ನಡುವೆ ಅಲೆ ಅಲೆಯಾದ ಇನ್ನೊಂದು ಕಾಗದ. ಆ ಅಲೆಯೇ ಫ್ಲೂಟ್. ಡಬ್ಬ ಮಾಡುವವರು ತ್ರೀ ಪ್ಲೈ, ಫೈವ್ ಪ್ಲೈ ಎನ್ನುತ್ತಾರಲ್ಲ, ತ್ರೀ ಪ್ಲೈನಲ್ಲಿ ಇಂಥ ಅಲೆ ಒಂದು ಸಾಲು, ಫೈವ್ ಪ್ಲೈನಲ್ಲಿ ಎರಡು ಸಾಲು. ಬಿಸಿ ಮಾಡಿದ ಹಲ್ಲಿನ ರೋಲರ್‌ಗಳ ನಡುವೆ ಕಾಗದ ಹಾಯಿಸಿ ಅಲೆ ಎಬ್ಬಿಸುತ್ತಾರೆ. ಆಮೇಲೆ ಅಲೆಯ ನೆತ್ತಿಗೆ ಮಾತ್ರ ಪಿಷ್ಟದ ಗೋಂದು ಸವರಿ ಚಪ್ಪಟೆ ಕಾಗದಕ್ಕೆ ಅಂಟಿಸುತ್ತಾರೆ. ಮುಖ್ಯವಾಗಿ ಬಳಸುವುದು ಜೋಳದ, ಅಂದರೆ ಮೆಕ್ಕೆಜೋಳದ ಪಿಷ್ಟ.

ಫ್ಲೂಟಿಗೆ ಅಳತೆಗಳಿವೆ. ಎ ಫ್ಲೂಟ್ ಸುಮಾರು 4.8 ಮಿ.ಮೀ. ಎತ್ತರ, ಬಿ ಸುಮಾರು 3.2, ಸಿ ಸುಮಾರು 4, ಇ ಸುಮಾರು 1.6. ಅಕ್ಷರದ ಸರದಿಗೂ ಅಳತೆಗೂ ತಾಳೆ ಇಲ್ಲ ಅಲ್ವಾ? ಯಾವುದು ಮೊದಲು ಬಂತೋ ಅದಕ್ಕೆ ಮೊದಲ ಅಕ್ಷರ ಕೊಟ್ಟರು. ಎ ತುಂಬಾ ದಪ್ಪ, ಬಿ ತುಂಬಾ ಸಣ್ಣ ಅನ್ನಿಸಿದ ಮೇಲೆ ಇವೆರಡರ ನಡುವಿನ ಸಿ ಬಂತು.

ಈಗ ಒಂದು ಕೆಲಸ ಮಾಡಿ. ಅದೇ ರಟ್ಟಿನಿಂದ ಹೆಬ್ಬೆರಳಿನ ಉದ್ದದ ಒಂದು ಚೌಕ ಕತ್ತರಿಸಿ. ಫ್ಲೂಟಿನ ತೂತುಗಳು ಮೇಲೆ ಕೆಳಗೆ ಕಾಣುವ ಹಾಗೆ ನಿಲ್ಲಿಸಿ ಬೆರಳಿನಿಂದ ಒತ್ತಿ. ತಡೆಯುತ್ತದೆ. ಈಗ ತೂತುಗಳು ಅಕ್ಕಪಕ್ಕಕ್ಕೆ ಬರುವ ಹಾಗೆ ತಿರುಗಿಸಿ ಒತ್ತಿ. ಸುಲಭವಾಗಿ ಮಡಚಿಕೊಳ್ಳುತ್ತದೆ. ನೆಟ್ಟಗೆ ನಿಂತ ಒಂದೊಂದು ಫ್ಲೂಟೂ ಒಂದೊಂದು ಪುಟ್ಟ ಕಂಬ. ಅದಕ್ಕೇ ಸಾಮಾನ್ಯವಾಗಿ ಡಬ್ಬದ ಗೋಡೆಯಲ್ಲಿ ಫ್ಲೂಟ್ ನೆಟ್ಟಗಿರುತ್ತದೆ, ಒಂದರ ಮೇಲೊಂದು ಪೇರಿಸಿದರೂ ತಳದ ಡಬ್ಬ ಕುಸಿಯುವುದಿಲ್ಲ. ಮನೆ ಬದಲಾಯಿಸುವಾಗ ನಾನು ಪುಸ್ತಕ ತುಂಬಿದ ಡಬ್ಬಗಳನ್ನು ಅಡ್ಡಡ್ಡ ಮಲಗಿಸಿ ಪೇರಿಸಿದ್ದೆ. ಕೆಳಗಿನದು ಅಪ್ಪಚ್ಚಿ. ಆಗ ಡಬ್ಬದವನನ್ನು ಬೈದುಕೊಂಡಿದ್ದೆ, ತಪ್ಪು ನನ್ನದು.

ಅಂದ ಹಾಗೆ, ಅಲೆ ಕಾಗದ ಹುಟ್ಟಿದ್ದು ಡಬ್ಬಕ್ಕಾಗಿ ಅಲ್ಲ. 1856ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು ಗಂಡಸರ ಎತ್ತರದ ಹ್ಯಾಟುಗಳ ಒಳಪದರಕ್ಕೆ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಬಾಟಲಿ, ದೀಪದ ಚಿಮಣಿ ಸುತ್ತುವುದಕ್ಕೆ ಬಳಸಿದ. ಡಬ್ಬ ಆಮೇಲಿನದು.

ರಟ್ಟಿನ ಫ್ಲೂಟ್ ಕಂಬದ ಕೆಲಸ ಮಾಡುತ್ತದೆ, ನಿಜವಾದ ಕಂಬದ ಮೇಲಿನ ಫ್ಲೂಟ್ ಕಣ್ಣಿಗಾಗಿ ಇರುವುದು. ಅಥೆನ್ಸ್‌ನ ಪಾರ್ಥೆನಾನ್ ಕಂಬಗಳ ಚಿತ್ರ ನೋಡಿರುತ್ತೀರಿ, ಮೇಲಿಂದ ಕೆಳಗೆ ಸಾಲು ಸಾಲು ತೋಡು. ಆ ಡೋರಿಕ್ ಶೈಲಿಯಲ್ಲಿ ಸಾಮಾನ್ಯವಾಗಿ 20 ಫ್ಲೂಟ್, ಎರಡರ ನಡುವೆ ಚೂಪು ಅಂಚು. ಅಯೋನಿಕ್ ಶೈಲಿಯಲ್ಲಿ 24, ನಡುವೆ ಚಪ್ಪಟೆ ಪಟ್ಟಿ. ಕಂಬವನ್ನು ಕಲ್ಲಿನ ಗಾಲಿಗಳಂಥ ತುಂಡು ಪೇರಿಸಿ ನಿಲ್ಲಿಸಿದ ಮೇಲೆಯೇ ಉದ್ದಕ್ಕೂ ಫ್ಲೂಟ್ ಕಡೆಯುತ್ತಿದ್ದರು. ಸಿಸಿಲಿಯ ಸೆಜೆಸ್ತಾದಲ್ಲಿ ಅರ್ಧಕ್ಕೆ ನಿಂತ ದೇವಾಲಯ ಇದೆ. ಕಂಬಗಳೆಲ್ಲ ಎದ್ದಿವೆ, ಒಂದಕ್ಕೂ ಫ್ಲೂಟ್ ಇಲ್ಲ. ಕೆಲಸ ಯಾವ ಹಂತದಲ್ಲಿ ನಿಂತಿತು ಅನ್ನುವುದನ್ನು ಆ ಬೋಳು ಕಂಬಗಳೇ ಹೇಳುತ್ತವೆ.

ಯಾಕೆ ಬೇಕಿತ್ತು ಈ ತೋಡು? ಬಿಸಿಲಿನಲ್ಲಿ ಪ್ರತಿ ತೋಡಿನಲ್ಲೂ ಒಂದು ನೆರಳಿನ ಗೆರೆ ಬೀಳುತ್ತದೆ. ಕಂಬ ಗುಂಡಗಿದೆ ಅನ್ನುವುದು ದೂರದಿಂದಲೂ ಕಾಣುತ್ತದೆ, ತುಂಡುಗಳ ಬೆಸುಗೆ ಕಣ್ಣಿಗೆ ಬೀಳುವುದಿಲ್ಲ. ರೋಮ್‌ನ ವಾಸ್ತುಶಿಲ್ಪಿ ವಿಟ್ರೂವಿಯಸ್ ಅಯೋನಿಕ್ ಕಂಬದ ಫ್ಲೂಟನ್ನು ಗೃಹಿಣಿಯ ನಿಲುವಂಗಿಯ ನೆರಿಗೆಗೆ ಹೋಲಿಸಿದ್ದಾನೆ. ಸಣಕಲು ಕಂಬ ದಪ್ಪ ಕಾಣಬೇಕಾದರೆ ಫ್ಲೂಟಿನ ಸಂಖ್ಯೆ ಹೆಚ್ಚಿಸಿ ಎಂಬ ಉಪಾಯವನ್ನೂ ಹೇಳಿದ್ದಾನೆ. ನಮ್ಮ ಬೇಲೂರು, ಹಳೇಬೀಡಿನ ಶಿಲ್ಪಿಗಳ ಕಣ್ಣು ಬೇರೆ. ಅಲ್ಲಿ ತಿರುಗಣೆಗೆ ಕೊಟ್ಟ ಹಾಗಿರುವ ಕಂಬಗಳಲ್ಲಿ ಗೆರೆ ಓಡುವುದು ಅಡ್ಡಕ್ಕೆ, ಬಳೆ ತೊಡಿಸಿದ ಹಾಗೆ. ನನ್ನನ್ನು ಕೇಳಿದರೆ ಬಳೆಯೇ ಚೆಂದ.

ಅಡುಗೆಮನೆಯಲ್ಲೂ ಫ್ಲೂಟ್ ಇದೆ. ಪೈ ಎಂಬ ತಿಂಡಿಯ ಅಂಚನ್ನು ಬೆರಳಿನಿಂದ ಚಿವುಟಿ ಅಲೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಫ್ಲೂಟಿಂಗ್ ಎನ್ನುತ್ತಾರೆ. ಕರ್ಜಿಕಾಯಿ ಅಂಚು ಮಡಿಸಿದ ಕೈಗೆ ಬೇರೆ ವಿವರಣೆ ಬೇಡ.

ಷಾಂಪೇನ್ ಗ್ಲಾಸಿನದು ತೋಡಿನ ಕಥೆ ಅಲ್ಲ. ಸಪೂರವಾಗಿ ಉದ್ದಕ್ಕೆ ಕೊಳಲಿನ ಹಾಗಿದೆ, ಅದಕ್ಕೆ ಫ್ಲೂಟ್. ಬಾಯಿ ಕಿರಿದಾದ್ದರಿಂದ ಗಾಳಿಗೆ ತೆರೆದ ಜಾಗ ಕಡಿಮೆ, ಗುಳ್ಳೆ ಜಾಸ್ತಿ ಹೊತ್ತು ಉಳಿಯುತ್ತದೆ. ಆದರೆ ಅದೇ ಕಾರಣಕ್ಕೆ ಮೂಗು ಒಳಗೆ ಹೋಗುವುದಿಲ್ಲ, ಪರಿಮಳ ಸಿಗುವುದಿಲ್ಲ ಅಂತ ತಿಳಿದವರು ಈಗ ಹೊಟ್ಟೆ ಸ್ವಲ್ಪ ಉಬ್ಬಿದ ಗ್ಲಾಸ್ ಕೇಳುತ್ತಾರೆ.

ಹಡಗಿನ ಕಥೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. 16ನೇ ಶತಮಾನದ ಕೊನೆಗೆ ಹಾಲೆಂಡಿನ ಹೋರ್ನ್ ಪಟ್ಟಣದಲ್ಲಿ ಫ್ಲೌಟ್ ಎಂಬ ಸರಕು ಹಡಗು ತಯಾರಾಯಿತು. ದೊಡ್ಡ ಹೊಟ್ಟೆ, ಕಿರಿದಾದ ಮೇಲಟ್ಟ, ನಡೆಸಲು ಜನ ಕಡಿಮೆ ಸಾಕು. ಫ್ರೆಂಚರು ಆ ಹೆಸರನ್ನು ಫ್ಲ್ಯೂಟ್ ಮಾಡಿಕೊಂಡರು. ಯುದ್ಧದ ಹಡಗಿನಿಂದ ಫಿರಂಗಿ ಕಿತ್ತು ಜನರನ್ನೋ ಸರಕನ್ನೋ ತುಂಬಿದರೆ ಅದನ್ನೂ "ಫ್ಲೂಟಿನ ರೀತಿ ಸಜ್ಜಾದದ್ದು" ಎಂದು ಕರೆದರು. ಫಿರಂಗಿ ಇಲ್ಲದ ಕಿಂಡಿಗಳು ಕೊಳಲಿನ ತೂತಿನಂತೆ ಕಾಣುತ್ತಿದ್ದವು, ಅದಕ್ಕೇ ಈ ಹೆಸರು ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ದಾರಿ ಡಚ್ ಹಡಗಿನದೇ. 1816ರಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯ ಬಳಿ ಮರಳು ದಿಬ್ಬಕ್ಕೆ ಸಿಕ್ಕಿದ ಫ್ರೆಂಚ್ ಹಡಗು ಮೆದ್ಯೂಸ್ ಹೀಗೆ ಸಜ್ಜಾದದ್ದು. ಪ್ಯಾರಿಸ್‌ನ ಲೂವ್ರ್‌ನಲ್ಲಿ ತೆಪ್ಪದ ಮೇಲೆ ಹೆಣಗಳ ನಡುವೆ ಕೈಬೀಸುವ ಜನರ ದೊಡ್ಡ ಚಿತ್ರ ಇದೆಯಲ್ಲ, ಅದು ಆ ಹಡಗಿನಿಂದ ಇಳಿದವರದು.

ಫ್ರೆಂಚರು ಈ ಪದವನ್ನು ಬಳಸುವಷ್ಟು ಇನ್ಯಾರೂ ಬಳಸುವುದಿಲ್ಲ. ಸಪೂರ ಬ್ರೆಡ್ಡಿಗೂ ಫ್ಲೂಟ್. ಏನೋ ಕೈತಪ್ಪಿ ಬಿದ್ದಾಗ, ಮಕ್ಕಳ ಮುಂದೆ ಕೆಟ್ಟ ಮಾತು ಆಡಬಾರದು ಅನ್ನಿಸಿದಾಗ, ನಾವು "ಥತ್" ಅನ್ನುವ ಜಾಗದಲ್ಲಿ ಅವರು "ಫ್ಲೂಟ್!" ಅನ್ನುತ್ತಾರೆ. ಆಡುಮಾತಿನಲ್ಲಿ ಕಾಲಿಗೂ ಫ್ಲೂಟ್ ಎನ್ನುವುದುಂಟು. ಇದು ಸುಮ್ನೆ ತಮಾಷೆಯಲ್ಲ. ಲ್ಯಾಟಿನ್‌ನಲ್ಲಿ ಟಿಬಿಯಾ ಅಂದರೆ ಮೊಣಕಾಲ ಕೆಳಗಿನ ಮೂಳೆಯೂ ಹೌದು, ಊದುವ ವಾದ್ಯವೂ ಹೌದು. ಡಾಕ್ಟರು ಎಕ್ಸ್‌ರೇ ನೋಡಿ ಹೇಳುವ ಟಿಬಿಯಾ ಅದೇ. ಮೂಳೆ ತಯಾರಾಗಿಯೇ ಸಿಗುವ ಕೊಳವೆ. ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ಸಿಕ್ಕ ಫ್ಲೂಟ್ ರಣಹದ್ದಿನ ರೆಕ್ಕೆಯ ಮೂಳೆಯದು. ಬೆರಳಿಗೆ ಐದು ತೂತು, ಉದ್ದ ಸುಮಾರು 22 ಸೆಂ.ಮೀ., ವಯಸ್ಸು 35,000 ವರ್ಷಕ್ಕೂ ಹೆಚ್ಚು.

ಇಷ್ಟೆಲ್ಲ ಸುತ್ತಿ ಬಂದ ಮೇಲೆ ನಮ್ಮ "ಕೊಳಲು" ನೋಡಿದರೆ ಖುಷಿಯಾಗುತ್ತದೆ, ಯಾಕೆಂದರೆ ಕನ್ನಡ ಉಲ್ಟಾ ದಾರಿಯಲ್ಲಿ ನಡೆದಿದೆ. ಇಂಗ್ಲಿಷಿಗೆ ಮೊದಲು ವಾದ್ಯ, ಆಮೇಲೆ ಅದರಂತೆ ಕಾಣುವ ವಸ್ತುಗಳು. ನಮಗೆ ಮೊದಲು ಕೊಳವೆ. ಹಳಗನ್ನಡದಲ್ಲಿ ಇದು ಕೊೞಲ್. ನಡುವೆ ಇರುವುದು ಈಗ ನಮ್ಮ ಬಾಯಿಂದ ಮರೆಯಾದ ೞ. ತಮಿಳಿನಲ್ಲಿ ಅದೇ ಪದ ಕುೞಲ್. ಅಲ್ಲಿ ಅದಕ್ಕೆ ಕೊಳಲು, ಕೊಳವೆ, ಜೊತೆಗೆ ಹೆಣ್ಣಿನ ಕೂದಲು ಎಂಬ ಅರ್ಥವೂ ಇದೆ. ಕೊಳವೆ, ಕೊಳಾಯಿ ಎಲ್ಲ ಇದೇ ಬಳ್ಳಿಯ ಕಾಯಿಗಳು. ಸೌದೆ ಒಲೆ ಊದುತ್ತಿದ್ದ ಊದುಗೊಳವೆ ಕೊಳಲಿನ ಅಕ್ಕ. ಹೊಲದಲ್ಲಿ ಕೊರೆಸುವ ಕೊಳವೆ ಬಾವಿ ಕೊಳಲಿನ ತಮ್ಮ.

ಉಳಿದ ಹೆಸರುಗಳೂ ಹೀಗೇ. ದಾಸರ ಪದಗಳಲ್ಲಿ ಬರುವ ಪಿಳ್ಳಂಗೋವಿಯ ಬಾಲದಲ್ಲಿ ಇರುವ ಗೋವಿ, ಕೊಡಗಿನ ಮನೆಗಳಲ್ಲಿ ಆಯುಧವಾಗಿ ಪೂಜೆಗೊಳ್ಳುವ ಕೋವಿ, ಎರಡೂ ಮೂಲದಲ್ಲಿ ಕೊಳವೆ. ಧಾರವಾಡದ ಕಡೆ ನೀರು ಬರುವುದು ನಳದಲ್ಲಿ, ಬೆಂಗಳೂರಲ್ಲಿ ನಲ್ಲಿಯಲ್ಲಿ. ಮಟನ್ ಅಂಗಡಿಯಲ್ಲಿ "ನಲ್ಲಿ ಮೂಳೆ ಹಾಕಣ್ಣ" ಎಂದು ಕೇಳುತ್ತೇವಲ್ಲ, ಆ ಟೊಳ್ಳು ಮೂಳೆಗೂ ಹೆಸರು ಅದೇ. ಲ್ಯಾಟಿನ್‌ನವರ ಟಿಬಿಯಾ ನಮ್ಮ ಕಟುಕನ ಹಲಗೆಯ ಮೇಲೂ ಇದೆ ಅಂದ ಹಾಗಾಯಿತು. ಸಂಸ್ಕೃತದ ವೇಣು ಅಂದರೆ ಮೊದಲು ಬಿದಿರು. ವಂಶ ಅಂದರೂ ಬಿದಿರು. ಗೆಣ್ಣಿನ ಮೇಲೆ ಗೆಣ್ಣು ಬೆಳೆಯುವುದರಿಂದ ಪೀಳಿಗೆಗೂ ಅದೇ ಹೆಸರು ಒಪ್ಪುತ್ತದೆ. ಹಿಂದಿಯ ಬಾನ್ಸುರಿಯೊಳಗಿನ ಬಾನ್ಸ್ ಇದೇ ವಂಶದ್ದು.

ಗಾಳಿ ಊದುವುದಕ್ಕೂ ಗೇಲಿಗೂ ಇರುವ ನಂಟು ಮಾತ್ರ ಎರಡೂ ಕಡೆ ಒಂದೇ. ಇಂಗ್ಲಿಷ್ ಪತ್ರಿಕೆಗಳಲ್ಲಿ ನಿಯಮ "ಫ್ಲೌಟ್" ಮಾಡಿದರು ಅಂತ ಬರುತ್ತದಲ್ಲ, ಆ ಪದ ಕೊಳಲು ಊದು, ಅಂದರೆ ಊದಿ ಅಣಕಿಸು ಎಂಬುದರಿಂದ ಬಂದಿರಬೇಕು ಎಂದು ನಿಘಂಟುಕಾರರ ಊಹೆ. ನಮ್ಮ ಪತ್ರಿಕೆಗಳು ಅದೇ ಸುದ್ದಿಗೆ ನಿಯಮ ಗಾಳಿಗೆ ತೂರಿದರು ಎಂದು ಬರೆಯುತ್ತವೆ. ಬೆಂಗಳೂರಿನ ಹುಡುಗರು "ಪುಂಗಬೇಡ" ಅನ್ನುತ್ತಾರೆ.

ಮುಂದಿನ ವಾರ ಅಕ್ಕನ ಮಗಳನ್ನು ಪೀಣ್ಯಕ್ಕೆ ಕರೆದುಕೊಂಡು ಹೋದೆ. ಗೆಳೆಯ ಫೋರ್ ಫ್ಲೂಟ್ ಕೈಗೆ ಕೊಟ್ಟ. ಅವಳು ತೋಡು ಎಣಿಸಿದಳು, "ಊದುವ ತೂತೇ ಇಲ್ಲ" ಎಂದು ಮುಖ ಸಣ್ಣ ಮಾಡಿದಳು. ಅಷ್ಟರಲ್ಲಿ ಹುಡುಗ ಆಗ ತಾನೇ ಕೊರೆದ ಒಂದು ಸ್ಟೀಲ್ ಪ್ಲೇಟ್ ತಂದು, ಗಾಳಿ ಊದಿ ಚೂರು ತೆಗೆಯುವ ಏರ್ ಗನ್ ಹಿಡಿದ. ಹತ್ತು ಎಂಎಂ ತೂತುಗಳು, ತಳ ಮುಚ್ಚಿದವು. ಕೆಲವು 50 ಮಿ.ಮೀ. ಆಳ, ಕೆಲವು 25. ಗಾಳಿ ತೂತಿನ ಅಂಚಿಗೆ ಓರೆಯಾಗಿ ತಾಕಿದ್ದೇ ತಡ, ಕೂ ಅಂತ ಸೀಟಿ. ಪಕ್ಕದ ಅರ್ಧ ಆಳದ ತೂತಿಗೆ ಹೋದರೆ ಇನ್ನೂ ಮೇಲಿನ ಸೀಟಿ.

"ಅರ್ಧ ಆಳ ಅಂದ್ರೆ ಮೇಲಿನ ಸ ಬರಬೇಕಲ್ವಾ ಮಾಮ? ಇದು ನಿ ಹತ್ತಿರಾನೇ ನಿಂತುಬಿಟ್ಟಿದೆ" ಅಂದಳು.

ತೂತಿನ ಬಾಯಿಯ ಹೊರಗಿನ ಗಾಳಿಯೂ ನಾಲ್ಕೈದು ಮಿ.ಮೀ.ನಷ್ಟು ಸೇರಿಕೊಂಡು ನಡುಗುತ್ತದೆ, ಆಳ ಕಡಿಮೆ ಇರುವ ತೂತಿಗೆ ಅದೇ ದೊಡ್ಡ ಪಾಲು, ಅದಕ್ಕೆ ಶ್ರುತಿ ಇಳಿಯುತ್ತದೆ ಎಂದು ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ಹುಡುಗನ ಹತ್ತಿರ ಹೋಗಿ, "ಅಣ್ಣ, ಆ ದೊಡ್ಡದಕ್ಕೆ ಇನ್ನೊಂದು ಸಲ ಊದಿ" ಅಂದಳು.